ಅಮ್ಮನ ಸೀರೆ, ಅಜ್ಜನ ವಾಚು: ಹಳೆ ವಸ್ತುವಿನ ಉಡುಗೊರೆ ಮಾರಲು ಎಂಥ ವೆಬ್‌ಸೈಟ್ ಬೇಕು?

ಧಾರವಾಡದಲ್ಲಿರುವ ನಮ್ಮ ವೈನಿ (ಅತ್ತಿಗೆ) ಹಳೆ ಸೀರೆಗಳಿಂದ ಕೌದಿ, ದಿಂಬಿನ ಕವರು, ಕೈಚೀಲ ಹೊಲಿಯುತ್ತಾರೆ. ನಿಂತುಹೋದ ವಾಚು, ಕೆಟ್ಟ ರೇಡಿಯೋ, ಕ್ಯಾಸೆಟ್ಟು ಕೊಟ್ಟರೆ ಅದರಿಂದಲೂ ಏನಾದರೂ ಮಾಡಿ, ಹೆಸರು ಕೆತ್ತಿಸಿ ಕೊಡುತ್ತಾರೆ. ಅದಕ್ಕೊಂದು ವೆಬ್‌ಸೈಟ್ ಮಾಡಿಕೊಟ್ಟಿದ್ದು ನಾನು. ಎರಡು ಸಲ ಮಾಡಿದೆ. ಮೊದಲನೆಯದನ್ನು ನೋಡಿದವರೆಲ್ಲ ಚೆಂದ ಇದೆ ಅಂದರು, ಆರ್ಡರ್ ಮಾತ್ರ ಹೆಚ್ಚುಕಡಿಮೆ ಬರಲೇ ಇಲ್ಲ. ಎರಡನೆಯದು ಇನ್ನೂ ನಡೀತಿದೆ. ಆಮೇಲೆ ಇಂಥದೇ ಕೆಲಸ ಮಾಡುವ ನಾಲ್ಕೈದು ಮಂದಿಗೆ ಸೈಟ್ ಮಾಡಲು ಜೊತೆಗಿದ್ದೆ. ಎಲ್ಲರೂ ಮೊದಲು ಹೇಳುವುದು ಒಂದೇ ಮಾತು: "ಹಳೆ ಕಾಲದ ಫೀಲ್ ಬರಬೇಕು."

ಆ ಆಸೆ ಸರಿಯೇ. ಆದರೆ ಯಾವ ಹಳೆ ಕಾಲ, ಯಾರ ಹಳೆ ಕಾಲ, ಅದನ್ನು ಎಲ್ಲಿ ತೋರಿಸಬೇಕು ಅನ್ನುವುದರಲ್ಲಿ ಹತ್ತಾರು ದಾರಿಗಳಿವೆ. ಅವನ್ನು ಒಂದರ ಪಕ್ಕ ಒಂದಿಟ್ಟು ನೋಡೋಣ.

ಮೊದಲು ಇದನ್ನು ತೀರ್ಮಾನ ಮಾಡಿ: ಹಳೆ ವಸ್ತು ಯಾರದ್ದು?

ಈ ವ್ಯಾಪಾರದಲ್ಲಿ ಎರಡು ಬಗೆ. ಒಂದು, ನೀವೇ ಗುಜರಿಯಿಂದ, ಸಂತೆಯಿಂದ, ಪರಿಚಯದವರ ಅಟ್ಟದಿಂದ ಹಳೆ ಸಾಮಾನು ತಂದು ಅದರಿಂದ ಏನೋ ಮಾಡಿ, ಕೊಳ್ಳುವವರ ಹೆಸರು ಸೇರಿಸಿ ಮಾರುವುದು. ಎರಡು, ಕೊಳ್ಳುವವರೇ ತಮ್ಮ ಮನೆಯ ವಸ್ತು ಕಳಿಸುವುದು. ಅವರ ಅಮ್ಮನ ಸೀರೆ, ಅವರ ಅಜ್ಜನ ವಾಚು.

ಮೇಲ್ನೋಟಕ್ಕೆ ಎರಡೂ ಒಂದೇ ಅನ್ನಿಸುತ್ತದೆ. ವೆಬ್‌ಸೈಟ್ ಮಾಡಲು ಕೂತಾಗ ಎರಡೂ ಪೂರ್ತಿ ಬೇರೆ.

ಮೊದಲ ಬಗೆಯಲ್ಲಿ ನೀವು ಅಂಗಡಿಯವರು. ಹಳೆ ಕ್ಯಾಸೆಟ್ಟಿನಿಂದ ಮಾಡಿದ ಹತ್ತು ದೀಪ ಇವೆ, ಫೋಟೋ ಹಾಕಿ, ಬೆಲೆ ಹಾಕಿ, ಹೆಸರು ಬರೆಯಲು ಒಂದು ಜಾಗ ಕೊಡಿ, ಹಣ ತಗೊಳ್ಳಿ. ಸೈಟ್ ಚುರುಕಾಗಿರಬೇಕು, ನೋಡುತ್ತಲೇ ಕೊಳ್ಳುವ ಮನಸ್ಸು ಬರಬೇಕು. ಇಲ್ಲಿ ಅಲಂಕಾರಕ್ಕೆ ಜಾಗ ಇದೆ.

ಎರಡನೆಯದರಲ್ಲಿ ನೀವು ಅಂಗಡಿಯವರಲ್ಲ, ಟೈಲರ್ ಇದ್ದ ಹಾಗೆ. ಟೈಲರಿಗೂ ದೊಡ್ಡ ಜವಾಬ್ದಾರಿ ನಿಮ್ಮದು, ಯಾಕಂದ್ರೆ ಬ್ಲೌಸ್ ಪೀಸ್ ಹಾಳಾದರೆ ಇನ್ನೊಂದು ತರಬಹುದು, ತೀರಿಹೋದ ಅಮ್ಮನ ಸೀರೆ ಇನ್ನೊಂದು ಸಿಗುವುದಿಲ್ಲ. ಒಮ್ಮೆ ಗದಗದ ಕಡೆಯ ಹೆಣ್ಣುಮಗಳೊಬ್ಬರು ವೈನಿಗೆ ಫೋನ್ ಮಾಡಿ ಅರ್ಧ ತಾಸು ಮಾತಾಡಿದರು. ಬೆಲೆ ಕೇಳಲೇ ಇಲ್ಲ. "ಅವ್ವನ ಸೀರಿ ಅದರೀ, ಕತ್ತರಿ ಹಾಕೂಕಿಂತ ಮೊದಲ ನನಗೊಂದು ಫೋನ್ ಮಾಡ್ತೀರಲ್ಲಾ?" ಅಂತ ಮೂರು ಸಲ ಕೇಳಿದರು. ನನ್ನ ಮೊದಲ ವೆಬ್‌ಸೈಟು ಯಾಕೆ ನಡೆಯಲಿಲ್ಲ ಅಂತ ನನಗೆ ಅರ್ಥವಾಗಿದ್ದು ಆ ಫೋನಿನಿಂದ. ಅವರ ಪ್ರಶ್ನೆಗೆ ನನ್ನ ಸೈಟಿನಲ್ಲಿ ಎಲ್ಲೂ ಉತ್ತರ ಇರಲಿಲ್ಲ. ಹಳೆ ಕಾಗದದಂಥ ಹಿನ್ನೆಲೆ ಇತ್ತು, ಮೂಲೆಯಲ್ಲಿ ತಿರುಗುವ ಗ್ರಾಮಫೋನ್ ಇತ್ತು. ಸೀರೆ ಕಳಿಸಿದ ಮೇಲೆ ಏನಾಗುತ್ತದೆ ಅನ್ನುವುದು ಮಾತ್ರ ಇರಲಿಲ್ಲ.

ಹಾಗಾಗಿ ಎರಡನೇ ಬಗೆಯ ಕೆಲಸ ನಿಮ್ಮದಾದರೆ, ಮುಂದಿನ ಪ್ರತಿ ಆಯ್ಕೆಯಲ್ಲೂ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದನ್ನು ನೋಡಿದವರಿಗೆ ತಮ್ಮ ವಸ್ತುವನ್ನು ನಮ್ಮ ಕೈಗೆ ಕಳಿಸುವ ಧೈರ್ಯ ಬರುತ್ತದಾ?

ಯಾವ ಹಳೆ ಕಾಲ?

ಜನ ಕೇಳುವ ಅಲಂಕಾರ ಮುಖ್ಯವಾಗಿ ಮೂರು ನಮೂನೆ. ಹಳೆ ಇಂಟರ್ನೆಟ್ಟಿನ ಥರದ್ದು, ಹಳೆ ಕಾಗದದ ಥರದ್ದು, ಮನೆಯ ಆಲ್ಬಮ್ಮಿನ ಥರದ್ದು. ನಾಲ್ಕನೆಯದು ಒಂದಿದೆ, ಅದನ್ನು ಯಾರೂ ಕೇಳುವುದಿಲ್ಲ. ಅಲಂಕಾರವೇ ಇಲ್ಲದ ಸಾದಾ ಪುಟ.

ಹಳೆ ಇಂಟರ್ನೆಟ್ ಅಂದರೆ ಗಾಢ ಬಣ್ಣ, ಚುಕ್ಕಿಚುಕ್ಕಿ ಅಕ್ಷರ, ಓಡುವ ಸಾಲು, ಮಿನುಗುವ ನಕ್ಷತ್ರ. 1994ರಲ್ಲಿ ಶುರುವಾದ ಜಿಯೋಸಿಟೀಸ್‌ನಲ್ಲಿ ಜನ ತಮ್ಮದೇ ಪುಟ ಮಾಡಿಕೊಳ್ಳುತ್ತಿದ್ದರಲ್ಲ, ಆ ಥರ. 2009ರಲ್ಲಿ ಯಾಹೂ ಅದನ್ನು ಮುಚ್ಚಿತು. ಈಗ ಅಮೆರಿಕದ ಕಡೆ ಈ ರೂಪಕ್ಕೆ ಮತ್ತೆ ಪ್ರೀತಿ ಬಂದಿದೆ. ಆದರೆ ನಮ್ಮಲ್ಲಿ ಲೆಕ್ಕ ಬೇರೆ. ಭಾರತದಲ್ಲಿ ಸಾಮಾನ್ಯರಿಗೆ ಇಂಟರ್ನೆಟ್ ಸಿಕ್ಕಿದ್ದೇ 1995ರ ಆಗಸ್ಟ್ 15ರಂದು, ಅದೂ ದೊಡ್ಡ ಊರುಗಳಲ್ಲಿ. ಬಾಗಲಕೋಟೆಯಲ್ಲೋ ಶಿರಸಿಯಲ್ಲೋ ಬೆಳೆದು ಈಗ ಐವತ್ತೈದು ದಾಟಿದವರಿಗೆ ಮಿನುಗುವ ನಕ್ಷತ್ರ ನೋಡಿದರೆ ಯಾವ ನೆನಪೂ ಬರುವುದಿಲ್ಲ. ಸೈಟ್ ಕೆಟ್ಟಿದೆಯೇನೋ ಅನ್ನಿಸುತ್ತದೆ. ಅವರ ಹಳೆ ಕಾಲ ಅಂದರೆ ರೇಡಿಯೋ, ಟ್ರಂಕು, ಇನ್‌ಲ್ಯಾಂಡ್ ಲೆಟರ್. ಸೈಬರ್ ಕೆಫೆಯಲ್ಲಿ ತಾಸಿಗಿಷ್ಟು ಅಂತ ದುಡ್ಡು ಕೊಟ್ಟು ಆರ್ಕುಟ್ ನೋಡಿದವರು, ಅಂದರೆ ಈಗ ಮೂವತ್ತೈದರ ಆಚೀಚೆ ಇರುವವರು ನಿಮ್ಮ ಗಿರಾಕಿಗಳಾದರೆ ಈ ರೂಪ ನಡೆಯುತ್ತದೆ. ಹಳೆ ಕೀಬೋರ್ಡ್ ಗುಂಡಿಯ ಕೀ ಚೈನು, ಫ್ಲಾಪಿ ಡಿಸ್ಕಿನ ನೋಟ್‌ಬುಕ್ಕು, ಸಿಡಿಯ ಗಡಿಯಾರ ಮಾರುವವರಿಗೆ ಇದೇ ಸರಿ ಅಂತಲೂ ಹೇಳುತ್ತೇನೆ. ಓಡುವ ಸಾಲಿಗೆ ಹಳೆ ಮಾರ್ಕೀ ಟ್ಯಾಗ್ ಮಾತ್ರ ಬಳಸಬೇಡಿ, ಅದು ಪುಟ ಬರೆಯುವ ಭಾಷೆಯಾದ ಈಗಿನ ಎಚ್‌ಟಿಎಂಎಲ್‌ನಲ್ಲಿ ಬಳಕೆ ತಪ್ಪಿದ ಟ್ಯಾಗ್. ಏನಾದರೂ ಓಡಲೇಬೇಕು ಅಂದರೆ ಪುಟದ ರೂಪ ತಿದ್ದುವ ಸಿಎಸ್‌ಎಸ್‌ನಲ್ಲಿ ಮಾಡಿ, ನಿಲ್ಲಿಸಲು ಒಂದು ಗುಂಡಿ ಕೊಡಿ. ಐದು ಸೆಕೆಂಡಿಗಿಂತ ಜಾಸ್ತಿ ತಾನಾಗಿ ಓಡುವ ಯಾವುದನ್ನೂ ಓದುವವರು ನಿಲ್ಲಿಸುವಂತಿರಬೇಕು ಅನ್ನುವುದು ಜಾಲದ ಸುಲಭ ಬಳಕೆಯ ನಿಯಮಗಳಲ್ಲೇ ಇದೆ.

ಹಳೆ ಕಾಗದದ ರೂಪ ನನಗೆ ಎಲ್ಲಕ್ಕಿಂತ ಹತ್ತಿರ. ಇನ್‌ಲ್ಯಾಂಡ್ ಲೆಟರಿನ ತಿಳಿನೀಲಿ, ನಾಲ್ಕು ಮೂಲೆಗೆ ಅರಿಶಿನ ಹಚ್ಚಿದ ಲಗ್ನಪತ್ರಿಕೆ, ಬೆಂಕಿಪೊಟ್ಟಣದ ಲೇಬಲ್, ಪಂಚಾಂಗದ ಕೆಂಪು ಅಕ್ಷರ. ನಮ್ಮ ಕಣ್ಣಿಗೆ ಒಗ್ಗಿದ ಬಣ್ಣಗಳು ಇವು, ಎಲ್ಲಿಂದಲೂ ಎರವಲು ತರಬೇಕಿಲ್ಲ. ತಪ್ಪಾಗುವುದು ಎಲ್ಲಿ ಅಂದರೆ ಎಲ್ಲವನ್ನೂ ಒಟ್ಟಿಗೆ ತುಂಬುವುದರಲ್ಲಿ. ಒಬ್ಬರ ಸೈಟಿನಲ್ಲಿ ಅಂಚೆ ಮುದ್ರೆ, ಲಗ್ನಪತ್ರಿಕೆಯ ಗಣಪತಿ, ಸಿನಿಮಾ ಟಿಕೆಟ್ಟು, ಹಳೆ ಸೋಪಿನ ಜಾಹೀರಾತು ಎಲ್ಲ ಒಂದೇ ಪುಟದಲ್ಲಿದ್ದವು. ಮಾರುವ ವಸ್ತು ಯಾವುದು ಅಂತ ಹುಡುಕಬೇಕಿತ್ತು. ಒಂದನ್ನೇ ಆರಿಸಿ. ಇನ್‌ಲ್ಯಾಂಡ್ ಲೆಟರ್ ಅಂದರೆ ಪೂರ್ತಿ ಅದೇ: ತಿಳಿನೀಲಿ ಹಿನ್ನೆಲೆ, ವಿಳಾಸ ಬರೆಯುವ ಗೆರೆಗಳ ಥರದ ಫಾರಂ, ಆರ್ಡರ್ ಖಚಿತವಾದಾಗ ಮಡಿಸಿದ ಕಾಗದ ಬಿಚ್ಚಿದಂತೆ ಬರುವ ಸಂದೇಶ. ಅಷ್ಟು ಸಾಕು.

ಇಲ್ಲೇ ಒಂದು ಎಚ್ಚರಿಕೆ. ಹಳೇದು ಅಂದ ಮಾತ್ರಕ್ಕೆ ಯಾರದ್ದೂ ಅಲ್ಲ ಅಂತಲ್ಲ. ಹಳೆ ಕ್ಯಾಲೆಂಡರ್ ಚಿತ್ರ, ಕಂಪನಿಯ ಜಾಹೀರಾತು, ಸಿನಿಮಾ ಪೋಸ್ಟರ್ ಇವುಗಳ ಹಕ್ಕು ಇನ್ನೂ ಜೀವಂತ ಇರಬಹುದು. ನಮ್ಮ ಕಾನೂನಿನಲ್ಲಿ ಚಿತ್ರ ಬರೆದವರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಉಳಿಯುತ್ತದೆ. ಕಂಪನಿಯ ಲಾಂಛನಕ್ಕಂತೂ ಟ್ರೇಡ್‌ಮಾರ್ಕ್ ಬೇರೆ. ಎಚ್‌ಎಂಟಿ ಡಯಲ್ ಇರುವ ಪದಕ ಮಾರಿ, ಆದರೆ ಎಚ್‌ಎಂಟಿ ಅನ್ನುವ ಹೆಸರನ್ನೇ ನಿಮ್ಮ ಸೈಟಿನ ತಲೆಬರಹ ಮಾಡಿಕೊಳ್ಳಬೇಡಿ.

ಆಲ್ಬಮ್ಮಿನ ರೂಪದ ಬಗ್ಗೆ ಜಾಸ್ತಿ ಹೇಳಲಾರೆ. ಕಪ್ಪು ಹಾಳೆ, ಮೂಲೆಗೆ ಅಂಟಿಸಿದ ಫೋಟೋ, ನಡುವೆ ಜೇಡರ ಬಲೆಯಂಥ ತೆಳು ಕಾಗದ, ನೋಡಲು ಚೆಂದ. ಫೋನಿನ ಸಣ್ಣ ಪರದೆಯಲ್ಲಿ ಪುಟ ಮಗುಚುವ ಆಟ ಬೇಗ ಬೇಸರ ತರಿಸುತ್ತದೆ. ನಿಮ್ಮ ಗಿರಾಕಿಗಳಲ್ಲಿ ಹೆಚ್ಚಿನವರು ಫೋನಿನಲ್ಲೇ ನೋಡುತ್ತಾರೆ, ಅದನ್ನು ಮರೆಯಬೇಡಿ.

ಇನ್ನು ಸಾದಾ ಪುಟ. ಬಿಳಿ ಅಥವಾ ಕೆನೆ ಬಣ್ಣದ ಹಿನ್ನೆಲೆ, ದೊಡ್ಡ ಫೋಟೋ, ಕೆಳಗೆ ನಾಲ್ಕು ಸಾಲು. ಗಿರಾಕಿಗಳೇ ವಸ್ತು ಕಳಿಸುವ ಕೆಲಸಕ್ಕೆ ನಾನು ಆರಿಸುವುದು ಇದನ್ನೇ. ಹಳೆತನ ಆಗಲೇ ಆ ವಸ್ತುವಿನಲ್ಲಿ ಇದೆ. ಮಾಸಿದ ಅಂಚು, ಸೀರೆಯ ಮಡಿಕೆಯಲ್ಲಿ ಬಣ್ಣ ಹೋದ ಗೆರೆ, ವಾಚಿನ ಹಿಂದೆ ಕೆತ್ತಿದ ನಿವೃತ್ತಿಯ ತಾರೀಕು. ಅದರ ಸುತ್ತ ಸುಳ್ಳು ಹಳೆ ಕಾಗದ ಹಾಕಿದರೆ ನಿಜವಾದ ಹಳೇದು ಮಂಕಾಗುತ್ತದೆ. ವೈನಿಯ ಎರಡನೇ ಸೈಟು ಹೀಗೇ ಇದೆ, ಆರ್ಡರ್ ಫಾರಂ ಮಾತ್ರ ಇನ್‌ಲ್ಯಾಂಡ್ ಲೆಟರಿನ ಬಣ್ಣದಲ್ಲಿದೆ.

ಫೋಟೋ: ಮಂದ ಕಂದು ಬಣ್ಣವೋ, ಇದ್ದ ಬಣ್ಣವೋ

ಸೀಪಿಯಾ ಹಾಕಬೇಡಿ. ಇದರಲ್ಲಿ ಎರಡು ಮಾತಿಲ್ಲ.

ಮೊದಲ ಸೈಟಿನಲ್ಲಿ ಎಲ್ಲ ಫೋಟೋಗೂ ಕಂದು ಛಾಯೆ ಹಾಕಿದ್ದೆ. ಒಬ್ಬರು ದಿಂಬಿನ ಕವರು ತರಿಸಿಕೊಂಡು, "ಇದು ಗಿಳಿಹಸಿರು, ನಾನು ಎಲೆಹಸಿರು ಅಂದ್ಕೊಂಡಿದ್ದೆ" ಅಂತ ವಾಪಸ್ ಕಳಿಸಿದರು. ತಪ್ಪು ನನ್ನದೇ. ಇಳಕಲ್ ಸೀರೆಯ ಕೆಂಪು ಸೆರಗಿಗೂ ಮೈಸೂರು ಸಿಲ್ಕಿನ ಕೆಂಪಿಗೂ ಎಷ್ಟು ವ್ಯತ್ಯಾಸ ಇದೆ, ಅದನ್ನು ಅಳಿಸಿ ಮಾರುವುದು ಹೇಗೆ?

ಕಿಟಕಿಯ ಬೆಳಕಿನಲ್ಲಿ, ಬೆಳಿಗ್ಗೆ ಹತ್ತರ ಒಳಗೆ ತೆಗೆಯಿರಿ. ಪ್ರತಿ ವಸ್ತುವಿಗೆ ಕನಿಷ್ಠ ನಾಲ್ಕು ಫೋಟೋ: ಪೂರ್ತಿಯದು, ಹತ್ತಿರದ್ದು, ಕೈಯಲ್ಲಿ ಹಿಡಿದಿದ್ದು, ಮತ್ತು ಅದರ ಊನದ್ದು. ಕೊನೆಯದು ಮುಖ್ಯ. ತೂತು, ಕಲೆ, ತುಕ್ಕು, ಬಿರುಕು ಇದ್ದರೆ ಅದನ್ನೇ ದೊಡ್ಡದಾಗಿ ತೋರಿಸಿ. ವಾಚಿನ ವಿಷಯದಲ್ಲಿ ಇದು ಇನ್ನೂ ಮುಖ್ಯ. ಎಚ್‌ಎಂಟಿ 1961ರಲ್ಲಿ ಬೆಂಗಳೂರಿನಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಜೊತೆ ಸೇರಿ ವಾಚು ಮಾಡಲು ಶುರು ಮಾಡಿತು, 2016ರಲ್ಲಿ ಆ ವಾಚು ಕಂಪನಿ ಮುಚ್ಚಿತು. ಈಗ ಮಾರುಕಟ್ಟೆಯಲ್ಲಿ ಹೊಳೆಯುವ ಬಣ್ಣಬಣ್ಣದ ಎಚ್‌ಎಂಟಿ ಸಿಕ್ಕರೆ, ಬಹಳಷ್ಟು ಸಲ ಒಳಗಿನ ಯಂತ್ರ ಹಳೇದು, ಡಯಲ್ ಮೊನ್ನೆ ಬಣ್ಣ ಹೊಡೆದದ್ದು. ಅಂಥದ್ದನ್ನು ಮಾರುವುದು ತಪ್ಪಲ್ಲ. ಅದನ್ನು ಮೂಲ ಡಯಲ್ ಅಂತ ಹೇಳುವುದು ತಪ್ಪು. "ಡಯಲ್ ಹೊಸದಾಗಿ ಬರೆಸಿದ್ದು" ಅನ್ನುವ ಒಂದು ಸಾಲು ಫೋಟೋದ ಕೆಳಗೇ ಇರಲಿ.

ಫೋಟೋ ಎಷ್ಟೇ ಚೆನ್ನಾಗಿರಲಿ, ವೆಬ್‌ಪಿ ರೂಪಕ್ಕೆ ಬದಲಿಸಿ, ಹಗುರ ಮಾಡಿ ಹಾಕಿ. ಪುಟದ ಮುಖ್ಯ ಭಾಗ ಎರಡೂವರೆ ಸೆಕೆಂಡಿನೊಳಗೆ ಕಾಣಬೇಕು ಅಂತ ಗೂಗಲ್ ಹೇಳುತ್ತದೆ. ಫೋನಿನಿಂದ ನೇರ ತೆಗೆದ ಐದು ಎಂಬಿ ಫೋಟೋ ಹಾಗೇ ಹಾಕಿದರೆ ಹಳ್ಳಿಯ ಸಿಗ್ನಲ್ಲಿನಲ್ಲಿ ಅದು ಸಾಧ್ಯವೇ ಇಲ್ಲ.

ಅಕ್ಷರ

ಕನ್ನಡದಲ್ಲಿ ಸೈಟ್ ಮಾಡುವವರು ಹಳೆ ಫೀಲ್ ಬರಲಿ ಅಂತ ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆ ಫಾಂಟುಗಳನ್ನು ಹುಡುಕುತ್ತಾರೆ. ಯೂನಿಕೋಡ್ (ಎಲ್ಲ ಸಾಧನಗಳಿಗೂ ಒಂದೇ ಅಕ್ಷರ ಸಂಕೇತ) ಅಲ್ಲದ ಆ ಹಳೆ ಫಾಂಟಿನಲ್ಲಿ ಬರೆದದ್ದು ಬೇರೆಯವರ ಫೋನಿನಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣಬಹುದು, ಗೂಗಲ್ಲಿನಲ್ಲಿ ಹುಡುಕಿದರೆ ಸಿಗುವುದೂ ಇಲ್ಲ. ಯೂನಿಕೋಡ್ ಮಾತ್ರ ಬಳಸಿ. ಉಚಿತವಾಗಿ ಸಿಗುವ ಫಾಂಟುಗಳಲ್ಲೇ ಆಯ್ಕೆ ಸಾಕಷ್ಟಿದೆ. ಹಳೆ ಅಚ್ಚಿನ ಪುಸ್ತಕದ ಥರ ಬೇಕಾದರೆ ತಿರೋ ಕನ್ನಡ. ತಲೆಬರಹಕ್ಕೆ ಅಂಗಡಿ ಬೋರ್ಡಿನಂಥ ದಪ್ಪ, ದುಂಡನೆ ಅಕ್ಷರ ಬೇಕಾದರೆ ಬಾಲೂ ತಮ್ಮ. ಏನೂ ಗೊಂದಲ ಬೇಡ ಅಂದರೆ ನೋಟೋ ಸೆರಿಫ್ ಕನ್ನಡ. ತಲೆಬರಹಕ್ಕೊಂದು, ಓದುವ ಸಾಲಿಗೊಂದು, ಮೂರನೆಯದು ಬೇಡ.

ಕೆನೆ ಬಣ್ಣದ ಮೇಲೆ ತಿಳಿಕಂದು ಅಕ್ಷರ ಎಲ್ಲರಿಗೂ ಇಷ್ಟ, ಓದಲು ಕಷ್ಟ. ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರಷ್ಟು ಗಾಢ-ತಿಳಿ ಅಂತರ (ಕಾಂಟ್ರಾಸ್ಟ್) ಇರಬೇಕು. ಅಳೆಯುವ ಸಾಧನ ಪುಕ್ಕಟೆ ಸಿಗುತ್ತದೆ. ಕಂದನ್ನು ಕಾಫಿ ಡಿಕಾಕ್ಷನ್ನಿನಷ್ಟು ಗಾಢ ಮಾಡಿದರೆ ಸಾಕು.

ಹೆಸರು ಬರೆಯುವ ಜಾಗ: ಇಲ್ಲಿ ಎಲ್ಲರೂ ಎಡವುತ್ತಾರೆ

ಗಿರಾಕಿಯ ಹೆಸರು, ತಾರೀಕು, ನಾಲ್ಕು ಮಾತು ಪಡೆಯಲು ಮೂರು ದಾರಿ. ಸುಮ್ನೆ ಒಂದು ಖಾಲಿ ಚೌಕ ಕೊಟ್ಟು ಟೈಪ್ ಮಾಡಿ ಅನ್ನುವುದು, ಟೈಪ್ ಮಾಡಿದ್ದು ವಸ್ತುವಿನ ಮೇಲೆ ಹೇಗೆ ಕಾಣುತ್ತದೆ ಅಂತ ಆಗಲೇ ತೋರಿಸುವುದು, ಅಥವಾ ಆರ್ಡರ್ ಆದ ಮೇಲೆ ವಾಟ್ಸ್ಆ್ಯಪ್‌ನಲ್ಲಿ ಮಾತಾಡಿ ತಿಳಿದುಕೊಳ್ಳುವುದು.

ಖಾಲಿ ಚೌಕ ಅಗ್ಗ. ಆದರೆ ಜನ ಇಂಗ್ಲಿಷಿನಲ್ಲಿ ಟೈಪ್ ಮಾಡುತ್ತಾರೆ. ಕನ್ನಡದಲ್ಲಿ ಕೆತ್ತುವಾಗ ಅದು ಲತಾನೋ ಲತನೋ, ವಾಣಿಯೋ ವಾನಿಯೋ, ಗೊತ್ತಾಗುವುದಿಲ್ಲ. ಇಪ್ಪತ್ತೈದನೇ ಮದುವೆ ದಿನಕ್ಕೆ ಅಂತ ಮಾಡಿಸಿದ ಹಿತ್ತಾಳೆ ತಟ್ಟೆಯ ಮೇಲೆ ಹೆಂಡತಿಯ ಹೆಸರು ತಪ್ಪಾದರೆ ಅದನ್ನು ಸರಿ ಮಾಡಲು ಬರುವುದಿಲ್ಲ.

ಕನ್ನಡದಲ್ಲೇ ಟೈಪ್ ಮಾಡಿಸಿದರೂ ಮುಗಿಯಲಿಲ್ಲ. ಕೆತ್ತುವ ಯಂತ್ರದ ಕೆಲವು ಸಾಫ್ಟ್‌ವೇರಿಗೆ ನಮ್ಮ ಒತ್ತಕ್ಷರ ಕೂಡಿಸಲು ಬರುವುದಿಲ್ಲ. ನಾವು ಕೊಟ್ಟಿದ್ದು "ಕೀರ್ತಿ". ಅಂಗಡಿಯಿಂದ ಬಂದ ತಟ್ಟೆಯಲ್ಲಿ ಅರ್ಕಾವತ್ತು ಇರಲಿಲ್ಲ, "ಕೀರ್‌ತಿ" ಅಂತ ಬಿಡಿಬಿಡಿಯಾಗಿ ಕೆತ್ತಿತ್ತು. ಕನ್ನಡ ಓದಲು ಬಾರದ ಹುಡುಗ ಯಂತ್ರ ನಡೆಸಿದ್ದ, ಅವನಿಗೆ ಗೊತ್ತಾಗಲಿಲ್ಲ, ನಾವೂ ಮುಂಚೆ ನೋಡಿರಲಿಲ್ಲ. ಆವತ್ತಿನಿಂದ ಹೆಸರನ್ನು ಅಕ್ಷರವಾಗಿ ಕಳಿಸುವುದೇ ಇಲ್ಲ. ಇಂಕ್‌ಸ್ಕೇಪ್ ಅನ್ನುವ ಚಿತ್ರ ಬರೆಯುವ ತಂತ್ರಾಂಶದಲ್ಲಿ ಟೈಪ್ ಮಾಡಿ, ಅದನ್ನು ಬರೀ ಗೆರೆಗಳ ಚಿತ್ರವಾಗಿ ಬದಲಿಸಿ ಕಳಿಸುತ್ತೇವೆ. ಗೆರೆಯಾದ ಮೇಲೆ ಯಾವ ಯಂತ್ರವೂ ಅದನ್ನು ಕೆಡಿಸಲಾರದು.

ಇನ್ನೊಂದು ಸೂಕ್ಷ್ಮ ಇದೆ. "ರಾಜ್‌ಕುಮಾರ್" ಅಂತ ಬರೆಯುವಾಗ ಜ್ ಮತ್ತು ಕು ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಇರುತ್ತದೆ, ಎರಡನ್ನೂ ಕೂಡಿಸಬೇಡ ಅಂತ ಹೇಳಲು. ಕೆಲವು ಫಾರಂಗಳು "ಬೇಡದ ಅಕ್ಷರ" ಅಂತ ಅದನ್ನು ಅಳಿಸಿಬಿಡುತ್ತವೆ. ಆಗ ಅದು "ರಾಜ್ಕುಮಾರ್" ಆಗುತ್ತದೆ. ಸೈಟ್ ಮಾಡುವವರಿಗೆ ಈ ಹೆಸರು ಕೊಟ್ಟು, ಆರ್ಡರ್ ಬಂದ ಇಮೇಲಿನಲ್ಲಿ ಹೇಗೆ ಕಾಣುತ್ತದೆ ಅಂತ ನೋಡಿ. ಕೀರ್ತಿ, ವಿಶ್ವನಾಥ್, ಕೃಷ್ಣಮೂರ್ತಿ, ರಾಜ್‌ಕುಮಾರ್, ಈ ನಾಲ್ಕು ಸರಿ ಬಂದರೆ ಬಹುತೇಕ ಎಲ್ಲವೂ ಸರಿ ಬರುತ್ತವೆ.

ಹಾಗಾಗಿ ಟೈಪ್ ಮಾಡಿದ್ದನ್ನು ಆಗಲೇ ತೋರಿಸುವ ದಾರಿ ಒಳ್ಳೆಯದು, ಖರ್ಚು ಸ್ವಲ್ಪ ಜಾಸ್ತಿ. ಒಂದೇ ಷರತ್ತು, ತೋರಿಸುವ ಫಾಂಟೂ ಕೆತ್ತುವ ಫಾಂಟೂ ಒಂದೇ ಆಗಿರಬೇಕು. ತಿಂಗಳಿಗೆ ಹತ್ತಿಪ್ಪತ್ತು ಆರ್ಡರ್ ಇರುವವರಿಗೆ ಇದರ ಅಗತ್ಯ ಇಲ್ಲ. ಖಾಲಿ ಚೌಕ ಇಡಿ, ಅದರ ಕೆಳಗೆ "ಕೆತ್ತುವ ಮೊದಲು ಚಿತ್ರ ಕಳಿಸುತ್ತೇವೆ, ನೀವು ಸರಿ ಅಂದ ಮೇಲೆಯೇ ಮುಂದಿನ ಕೆಲಸ" ಅಂತ ಬರೆಯಿರಿ, ವಾಟ್ಸ್ಆ್ಯಪ್‌ನಲ್ಲಿ ಚಿತ್ರ ಕಳಿಸಿ ಒಪ್ಪಿಗೆ ತಗೊಳ್ಳಿ.

ಟೈಪ್ ಮಾಡಿದ ಹೆಸರಿಗಿಂತಲೂ ಚೆಂದದ್ದು ಇನ್ನೊಂದಿದೆ, ಕೈಬರಹ. ಅಪ್ಪ ಬರೆದ ಹಳೆ ಪತ್ರದಿಂದ "ನಿನ್ನ ಪ್ರೀತಿಯ" ಅನ್ನುವ ಎರಡೇ ಪದ ಫೋಟೋ ತೆಗೆದು ಕಳಿಸಿದರೆ ಅದನ್ನೇ ಗೆರೆ ಮಾಡಿ ಕಸೂತಿ ಹಾಕಬಹುದು, ಲೋಹದ ಮೇಲೆ ಕೆತ್ತಬಹುದು. ಫಾರಂನಲ್ಲಿ ಫೋಟೋ ಸೇರಿಸುವ ಗುಂಡಿ ಒಂದಿದ್ದರೆ ಸಾಕು. ಒಬ್ಬರು ತಮ್ಮ ಅಜ್ಜಿಯ ಕಿರಾಣಿ ಪಟ್ಟಿ ಕಳಿಸಿದ್ದರು. "ಬೆಲ್ಲ 1 ಕೆಜಿ, ಶೇಂಗಾ ಅರ್ಧ." ವೈನಿ ಅದನ್ನು ಅಜ್ಜಿಯದೇ ಸೀರೆಯ ಚೀಲದ ಮೇಲೆ ದಾರದಲ್ಲಿ ಎಳೆದರು. ಬೇರೆ ಯಾವ ವಿನ್ಯಾಸವೂ ಅದಕ್ಕೆ ಬೇಕಿರಲಿಲ್ಲ.

ಎಲ್ಲಿ ಮಾರುವುದು: ವಾಟ್ಸ್ಆ್ಯಪ್, ಎಟ್ಸಿ, ಶಾಪಿಫೈ, ವರ್ಡ್‌ಪ್ರೆಸ್

ಈಗಷ್ಟೇ ಶುರು ಮಾಡುವವರಿಗೆ ವಾಟ್ಸ್ಆ್ಯಪ್ ಬಿಸಿನೆಸ್ ಸಾಕು. ಅದರ ಕ್ಯಾಟಲಾಗಿನಲ್ಲಿ 500 ವಸ್ತು ಹಾಕಬಹುದು, ಖರ್ಚಿಲ್ಲ, ಹಣ ಯುಪಿಐನಲ್ಲಿ ಬರುತ್ತದೆ. ಜೊತೆಗೊಂದು ಸ್ವಂತ ಹೆಸರಿನ ಒಂದೇ ಪುಟದ ಸೈಟ್ ಇರಲಿ. ನಾವು ಯಾರು, ಹೇಗೆ ಮಾಡುತ್ತೇವೆ, ಎಲ್ಲಿ ಇದ್ದೇವೆ, ಅಷ್ಟು. ಇನ್‌ಸ್ಟಾಗ್ರಾಂ ಜನ ಕರೆತರುತ್ತದೆ, ಆದರೆ ಅಲ್ಲಿ ಮೂರು ತಿಂಗಳ ಹಿಂದೆ ಹಾಕಿದ್ದನ್ನು ಹುಡುಕುವುದು ಕಷ್ಟ.

ಎಟ್ಸಿ ಅಂದರೆ ಕೈಕೆಲಸದ, ಹಳೆ ವಸ್ತುಗಳ ಆನ್‌ಲೈನ್ ಸಂತೆ, ಹೊರದೇಶದವರಿಗೆ ಮಾರಲು ಒಳ್ಳೆಯ ದಾರಿ. ಅಮೆರಿಕದಲ್ಲಿರುವ ಕನ್ನಡದವರು ಇರಬಹುದು, ಅಥವಾ ಉತ್ತರ ಕನ್ನಡದ ಸಿದ್ದಿ ಸಮುದಾಯದ ಹೆಣ್ಣುಮಕ್ಕಳ ಕವಂದಿ ಕೌದಿಯನ್ನು ಹುಡುಕಿಕೊಂಡು ಬರುವ ಹೊರಗಿನವರು ಇರಬಹುದು. ಕವಂದಿ ಗೊತ್ತಲ್ವಾ, ಯಲ್ಲಾಪುರ, ಹಳಿಯಾಳದ ಕಡೆ ಹಳೆ ಬಟ್ಟೆಯ ತುಂಡು ಜೋಡಿಸಿ ಹೊಲಿದು, ನಾಲ್ಕು ಮೂಲೆಗೆ ಮಡಿಚಿದ ಬಟ್ಟೆಯ ಫುಲಾ (ಹೂ) ಇಟ್ಟು ಮುಗಿಸುತ್ತಾರೆ. ಎಟ್ಸಿಯಲ್ಲಿ ಒಂದು ವಸ್ತು ಹಾಕಲು 20 ಸೆಂಟ್, ನಾಲ್ಕು ತಿಂಗಳಿಗೆ. ಮಾರಿದರೆ ಬೆಲೆಯ 6.5% ಅವರಿಗೆ, ಹಣ ಪಾವತಿಯ ಶುಲ್ಕ ಬೇರೆ. ವಿಂಟೇಜ್ ಅಂತ ಹಾಕಬೇಕಾದರೆ ಅದು ಕನಿಷ್ಠ 20 ವರ್ಷ ಹಳೇದಿರಬೇಕು. ಒಂದು ಕೊರತೆ ಇದೆ. ನಿಮ್ಮ ಪುಟ ಎಲ್ಲರ ಪುಟದ ಹಾಗೇ ಕಾಣುತ್ತದೆ, ಪಕ್ಕದಲ್ಲೇ ಬೇರೆಯವರ ಅಗ್ಗದ ವಸ್ತು ಕಾಣುತ್ತದೆ. ಗಿರಾಕಿ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಸೀರೆ ಕಳಿಸುವ ಕೆಲಸಕ್ಕಂತೂ ಎಟ್ಸಿ ಯಾಕೆ ಬೇಕು?

ಶಾಪಿಫೈ ಅಂದರೆ ಬಾಡಿಗೆಗೆ ಸಿಗುವ ಸಿದ್ಧ ಆನ್‌ಲೈನ್ ಅಂಗಡಿ, ಅದರಲ್ಲಿ ನಿರ್ವಹಣೆಯ ತಲೆನೋವಿಲ್ಲ. ತಿಂಗಳ ಬಾಡಿಗೆ ಕಟ್ಟಲೇಬೇಕು, ಆರ್ಡರ್ ಬರಲಿ ಬಿಡಲಿ. ಗುಜರಿಯಿಂದ ತಂದು ಮಾಡುವ ಬಗೆಯಲ್ಲಿ ತಿಂಗಳಿಗೆ ಐವತ್ತು ಆರ್ಡರ್ ದಾಟಿದವರಿಗೆ ನಾನು ಇದನ್ನೇ ಹೇಳುತ್ತೇನೆ.

ಸೈಟ್ ಕಟ್ಟುವ ವರ್ಡ್‌ಪ್ರೆಸ್ಸಿನ ಮೇಲೆ ಅಂಗಡಿ ಸೇರಿಸುವ ವೂಕಾಮರ್ಸ್ ಹಾಕಿದರೆ ತಂತ್ರಾಂಶ ಪುಕ್ಕಟೆ, ಸೈಟ್ ಇಡುವ ಜಾಗಕ್ಕೂ (ಹೋಸ್ಟಿಂಗ್) ಹೆಸರಿಗೂ ವರ್ಷಕ್ಕೆ ಕೆಲವು ಸಾವಿರ. ಬೇಕಾದ ಹಾಗೆ ಫಾರಂ ಮಾಡಬಹುದು, ಫೋಟೋ ತಗೊಳ್ಳಬಹುದು, ಕೆಲಸ ಎಲ್ಲಿವರೆಗೆ ಬಂತು ಅಂತ ತೋರಿಸಬಹುದು. ಆದರೆ ತಿಂಗಳಿಗೊಮ್ಮೆಯಾದರೂ ಅಪ್‌ಡೇಟ್ ಮಾಡುವವರು, ಬ್ಯಾಕಪ್ ತೆಗೆಯುವವರು ಒಬ್ಬರು ಮನೆಯಲ್ಲಿ ಬೇಕು. ಇಲ್ಲದಿದ್ದರೆ ಈ ದಾರಿ ಬೇಡ. ವೈನಿಯ ಸೈಟು ಇದರಲ್ಲೇ ಇದೆ, ಯಾಕಂದ್ರೆ ನಾನಿದ್ದೇನೆ.

ಸೈಟಿನಲ್ಲಿ ಹಣ ಪಡೆದುಕೊಡುವ ಪೇಮೆಂಟ್ ಗೇಟ್‌ವೇ ಸಾಮಾನ್ಯವಾಗಿ ನೂರಕ್ಕೆ ಎರಡರಷ್ಟು ಹಿಡಿಯುತ್ತದೆ, ಅದರ ಮೇಲೆ ಜಿಎಸ್‌ಟಿ. 1,500 ರೂಪಾಯಿಯ ಆರ್ಡರಿಗೆ ಸುಮಾರು 35 ರೂಪಾಯಿ ಹೋಗುತ್ತದೆ. ಅದನ್ನು ಬೆಲೆಯಲ್ಲೇ ಸೇರಿಸಿಕೊಳ್ಳಿ. ಸ್ವಂತ ಸೈಟಿನಲ್ಲಿ ಮಾರುವವರು 2020ರ ಇ-ಕಾಮರ್ಸ್ ನಿಯಮದ ಪ್ರಕಾರ ತಮ್ಮ ಹೆಸರು, ವಿಳಾಸ, ಸಂಪರ್ಕ, ದೂರು ಕೇಳುವವರು ಯಾರು, ವಾಪಸಾತಿ ಹೇಗೆ ಅನ್ನುವುದನ್ನೆಲ್ಲ ಕಾಣುವಂತೆ ಹಾಕಬೇಕು. ಬೇರೆ ರಾಜ್ಯಕ್ಕೆ ಕಳಿಸುವಾಗ ಜಿಎಸ್‌ಟಿ ನಿಯಮ ಬೇರೆ ಇರುತ್ತದೆ, ಲೆಕ್ಕ ನೋಡುವವರನ್ನು ಒಮ್ಮೆ ಕೇಳಿಯೇ ಶುರು ಮಾಡಿ.

ಹಿನ್ನೆಲೆ ಸಂಗೀತ ಬೇಡ. 2018ರಿಂದ ಕ್ರೋಮ್ ತಾನಾಗಿ ಶುರುವಾಗುವ ಸದ್ದನ್ನು ತಡೆಯುತ್ತದೆ, ಹಾಡಿನ ಹಕ್ಕು ಬೇರೆಯವರದ್ದು, ಕಚೇರಿಯಲ್ಲಿ ಕೂತು ನೋಡುವವರಿಗೆ ಮುಜುಗರ.

ಮಾರಿಹೋದ ವಸ್ತುವಿನ ಪುಟ: ಅಳಿಸಬೇಕಾ, ಇಡಬೇಕಾ?

ಸಾಮಾನ್ಯ ಅಂಗಡಿಯಾದರೆ ಅಳಿಸಬಹುದು. ನಮ್ಮಲ್ಲಿ ಪ್ರತಿಯೊಂದೂ ಒಂದೇ ಒಂದು. ನಾನು ಇಡುತ್ತೇನೆ. "ಇದು ಮೈಸೂರಿನ ಮನೆಯೊಂದಕ್ಕೆ ಹೋಯಿತು" ಅಂತ ಬರೆದು, ಬೆಲೆ ತೆಗೆದು, ಫೋಟೋ ಹಾಗೇ ಬಿಡುತ್ತೇನೆ. ಹೊಸಬರು ಜಾಸ್ತಿ ಹೊತ್ತು ನೋಡುವುದು ಇವನ್ನೇ. ತಮ್ಮ ಮನೆಯಲ್ಲೂ ಇಂಥದ್ದೊಂದು ಇದೆಯಲ್ಲ ಅಂತ ನೆನಪಾಗುವುದು ಅಲ್ಲೇ. ಆದರೆ ಆ ವಸ್ತುವಿನ ಕಥೆ ಗಿರಾಕಿಯದು. ಹಾಕಲು ಒಪ್ಪಿಗೆ ಕೇಳುವ ಚೌಕ ಫಾರಂನಲ್ಲಿ ಇರಲಿ, ಮೊದಲೇ ಟಿಕ್ ಆಗಿರುವುದು ಬೇಡ. ಹೆಸರು, ಊರು, ತೀರಿಹೋದವರ ಫೋಟೋ ಕೇಳದೆ ಹಾಕಲೇಬೇಡಿ.

ಕತ್ತರಿ ಹಾಕುವ ಮೊದಲು

ಗಿರಾಕಿಗಳ ವಸ್ತು ತಗೊಳ್ಳುವವರ ಸೈಟಿನಲ್ಲಿ, ಯಾವ ರೂಪ ಇರಲಿ, ಎಲ್ಲಿ ಮಾಡಿಸಿರಲಿ, ‘ಕತ್ತರಿ ಹಾಕುವ ಮೊದಲು’ ಅನ್ನುವ ಪುಟವೇ ಮನೆಯ ಹೆಬ್ಬಾಗಿಲು. ಅಂಚೆ ಬಂದ ದಿನವೇ ವಸ್ತುವಿನ ಫೋಟೋ ತೆಗೆದು ಕಳಿಸುತ್ತೇವೆ. ಹೇಗೆ ಕತ್ತರಿಸುತ್ತೇವೆ ಅಂತ ಸೀಮೆಸುಣ್ಣದಲ್ಲಿ ಗೆರೆ ಎಳೆದು ಇನ್ನೊಂದು ಫೋಟೋ ಕಳಿಸುತ್ತೇವೆ. ನೀವು ಹೂಂ ಅನ್ನುವ ತನಕ ಕತ್ತರಿ ಮುಟ್ಟುವುದಿಲ್ಲ. ಇಷ್ಟನ್ನು ವೈನಿ ಹೇಳಿದ ಹಾಗೇ ಬರೆದು, ಅವರ ಕೈ, ಸೀಮೆಸುಣ್ಣದ ಗೆರೆ, ಕತ್ತರಿ ಇರುವ ಮೂರು ಫೋಟೋ ಹಾಕಿದೆವು. ಗದಗದ ಆ ಅಕ್ಕನ ಫೋನಿಗೆ ಉತ್ತರ ಅದು.

ಕ್ಯಾಸೆಟ್ ಕಳಿಸುವವರಿಗೆ ಒಂದು ಪ್ರಶ್ನೆ ಬೇರೆಯೇ ಇಟ್ಟಿದ್ದೇವೆ: "ಇದರಲ್ಲಿ ಮನೆಯವರ ದನಿ ಇರಬಹುದಾ?" ಕ್ಯಾಸೆಟ್ಟಿನ ಮೇಲಿನ ಅಂಚಿನ ಎರಡು ಮೂಲೆ ನೋಡಿ. ಅಲ್ಲಿ ಎರಡು ಸಣ್ಣ ಪ್ಲಾಸ್ಟಿಕ್ ಚೂರು ಹಾಗೇ ಇದ್ದರೆ ಅದು ಖಾಲಿ ಕೊಂಡು ಮನೆಯಲ್ಲಿ ರೆಕಾರ್ಡ್ ಮಾಡಿದ್ದಿರಬಹುದು. ಹಾಡಿನ ಕ್ಯಾಸೆಟ್ಟಿಗೆ ಅಲ್ಲಿ ತೂತು ಇರುತ್ತದೆ, ಅದರ ಮೇಲೆ ಸೆಲೋಟೇಪ್ ಅಂಟಿಸಿದ್ದರೂ ಯಾರೋ ಮೇಲೆ ರೆಕಾರ್ಡ್ ಮಾಡಿರಬಹುದು. ಅಂಥದ್ದನ್ನು ಮೊದಲು ಕಂಪ್ಯೂಟರಿಗೆ ಇಳಿಸಿ, ಕೇಳಿ, ಆಮೇಲೆ ದೀಪ ಮಾಡುವ ಮಾತು.

ಸೀರೆಯಲ್ಲಿ ಜರಿ ಇದ್ದರೆ ಅದನ್ನೂ ಫಾರಂನಲ್ಲಿ ಕೇಳುತ್ತೇವೆ. ಹಳೆ ಮೈಸೂರು ಸಿಲ್ಕಿನ ಜರಿಯಲ್ಲಿ ನಿಜವಾದ ಬೆಳ್ಳಿ ಇರುತ್ತದೆ, ಚಿನ್ನದ ಲೇಪ ಇರುತ್ತದೆ. ಅಂಚು ಬಳಸಬೇಕಾ, ಬಿಡಿಸಿ ಕೊಡಬೇಕಾ ಅನ್ನುವುದು ಅವರ ತೀರ್ಮಾನ, ನಮ್ಮದಲ್ಲ.

ಮತ್ತೆ ಕೊನೆಯ ಚೌಕ. "ಉಳಿದ ತುಂಡುಗಳನ್ನು ವಾಪಸ್ ಕಳಿಸಬೇಕಾ?" ಇದೊಂದನ್ನು ಮಾತ್ರ ಮೊದಲೇ ಟಿಕ್ ಮಾಡಿಟ್ಟಿದ್ದೇವೆ. ಬೇಡ ಅನ್ನುವವರು ತೆಗೆಯಲಿ. ಇಷ್ಟು ದಿನದಲ್ಲಿ ತೆಗೆದವರು ಇಬ್ಬರೇ. ವೈನಿ ಆ ತುಂಡುಗಳನ್ನು, ಒಂದು ಬೆರಳಗಲದ ಚೂರನ್ನೂ ಬಿಡದೆ, ಮಡಿಸಿ, ಅದೇ ಸೀರೆಯ ಅಂಚಿನಿಂದ ಕಟ್ಟಿ, ಕೌದಿಯ ಜೊತೆ ಇಟ್ಟು ಕಳಿಸುತ್ತಾರೆ.